ತಾನೇ ಆರುವ ದೀಪ

ಅಪ್ಪಾ,

ನೀನು ಸತ್ತ ಮೇಲಾದರೂ ನಿನ್ನ ಜೊತೆ ಮಾತು ಮುಗಿಯಿತು ಎಂದುಕೊಂಡಿದ್ದೆ. ಮುಗಿದಿಲ್ಲ.

ಕರೆಂಟು ಉಳಿಯಲೆಂದು ನನ್ನವರು ಅಡುಗೆಮನೆಗೆ ಹೊಸ ದೀಪ ಹಾಕಿಸಿದ್ದಾರೆ. ಯಾರೂ ಅಲುಗಾಡದಿದ್ದರೆ ತಾನೇ ಆರುತ್ತದೆ, ಕೈಯಾಡಿಸಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಬದುಕಿದ್ದರೆ ನೀನು ಕುಣಿದಾಡುತ್ತಿದ್ದೆ. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿತ್ತೆಂದು ನನ್ನ ತಲೆಯನ್ನು ಸ್ವಿಚ್‌ಬೋರ್ಡಿಗೇ ಜಜ್ಜಿದವನಲ್ಲವೇ ನೀನು?

ಇವತ್ತು ಮುಸ್ಸಂಜೆ ಮಗಳೂ ನಾನೂ ಬಟಾಣಿ ಬಿಡಿಸುತ್ತಿದ್ದಾಗ, ಬರೀ ಬೆರಳಾಟ ಅದಕ್ಕೆ ಸಾಲದೆ, ಆ ದೀಪ ಆರಿತು. ಮಬ್ಬಿನಲ್ಲಿ ಅವಳು ಥಟ್ಟನೆ ಕೈ ಎತ್ತಿದಳು. ಬೆಳಕು ಬಂದಾಗ ನಾನು ತಲೆಯನ್ನು ಎರಡೂ ತೋಳುಗಳಲ್ಲಿ ಮುಚ್ಚಿಕೊಂಡು ಗೋಡೆಗೆ ಮುದುರಿಕೊಂಡಿದ್ದೆ.

"ಅಮ್ಮಾ, ನಾನು ಹೊಡೀತೀನಿ ಅಂದ್ಕೊಂಡ್ಯಾ?" ಎಂದು ನಕ್ಕಳು.

ಆ ನಗು ಕೇಳಿ ಮೈಯೆಲ್ಲ ಉರಿದುಹೋಯಿತು. ಲಟ್ಟಣಿಗೆ ಹಿಡಿದು ಸ್ಟೂಲು ಹತ್ತಿದೆ. ದೀಪವನ್ನು ಪುಡಿಪುಡಿ ಮಾಡಿದೆ. ಚೂರು ಅಂಗೈ ಸೀಳಿತು. ಅವಳು "ಬೇಡಮ್ಮಾ, ಬೇಡಮ್ಮಾ" ಎಂದು ಕಿರುಚಿದರೂ ಲಟ್ಟಣಿಗೆ ಮುರಿಯುವತನಕ ಬಡಿದೆ.

ಆಮೇಲೆ ಮನೆಯ ಉಳಿದ ದೀಪಗಳನ್ನೆಲ್ಲ ಹಾಕಿದೆ, ಖಾಲಿ ಕೋಣೆಗಳದ್ದೂ. ಬಾ, ಈಗ ಹೊಡಿ ನೋಡೋಣ.

ಒಂದು ಮಾತ್ರ ಉರಿಯುತ್ತಿಲ್ಲ. ನಿನ್ನ ಹೆಜ್ಜೆ ಕೇಳಿದೊಡನೆ ನಾನು ಆರಿಸುತ್ತಿದ್ದ ಹಾಗೆಯೇ, ನನ್ನ ಹೆಜ್ಜೆ ಕೇಳಿ ಮಗಳು ತನ್ನ ಕೋಣೆಯ ದೀಪ ಆರಿಸಿದಳು.