ಕಿವಿಗೆ ಹಿಡಿದು ನೋಡಿ

ಶಿಡ್ಲಘಟ್ಟ, ಶುಕ್ರವಾರ

ಚಾಚಾ ಅವರಿಗೆ ಸಬೀಹಾಳ ಸಲಾಮ್.

"ಯಾರು ನೋಡಿದ್ದು?" ಎಂದು ಕೇಳಿದ್ದಕ್ಕೆ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ನಮ್ಮ ರೀಲರ್‌ಗಳ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗೆದಿರಿ. ಹಾಗಾಗಿ ಕಾಗದದಲ್ಲಿ ಕೇಳುತ್ತಿದ್ದೇನೆ.

ಮೇಲೂರಿನ ರೈತ ಮುನಿಶಾಮಪ್ಪನವರ ಗೂಡಿಗೆ ರೋಗ ಬಂದಿದೆ ಎಂಬ ಯಾರದೋ ವಾಯ್ಸ್ ಮೆಸೇಜನ್ನು ನೀವು ಫಾರ್ವರ್ಡ್ ಮಾಡಿದಿರಿ. ಮರುದಿನ ಮಾರುಕಟ್ಟೆಯಲ್ಲಿ ಅವರ ಗೂಡನ್ನು ಯಾರೂ ಮುಟ್ಟಲಿಲ್ಲ. ನಾನು ಅವರ ಮನೆಗೇ ಹೋಗಿ ಬಂದೆ. ಅವರ ಹೆಂಡತಿ ಮುನಿಗಂಗಮ್ಮ, "ನಿಮ್ ಚಿಕ್ಕಪ್ಪ ಅಲ್ಲಾಡಿಸ್ದೆ ಯಾವತ್ತೂ ಗೂಡು ತಗೊಂಡೋರಲ್ಲ ಕಣಮ್ಮ, ಈ ಸಲ ಏನಾಯ್ತು?" ಎಂದರು.

ನಿಜ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ರೋಗದಿಂದ ಕೊಳೆತು ಅಂಟಿಕೊಳ್ಳದೆ ಸದ್ದು ಮಾಡಿದರೆ ಮಾತ್ರ ನೀವು ಕೊಳ್ಳುವುದು. ಸುದ್ದಿ ಬಂದರೆ ಮೊದಲು ವಿಚಾರಿಸಿ, ಇಲ್ಲದಿದ್ದರೆ ತಿಳಿಯದೆ ಯಾರಿಗೋ ಕೇಡು ಮಾಡಿ ಆಮೇಲೆ ಪರಿತಪಿಸುತ್ತೀರಿ ಎಂಬ ಕುರಾನಿನ ಮಾತನ್ನು ನನಗೆ ಕಲಿಸಿದವರೂ ನೀವೇ. ಅದರಲ್ಲಿ ಫೋನಿಗೆ ವಿನಾಯಿತಿ ಇಲ್ಲ.

ಇದರ ಜೊತೆ ಅವರ ಮನೆಯ ಒಂದು ಹಿಡಿ ಗೂಡು ಕಳಿಸಿದ್ದೇನೆ. ಚಿಟ್ಟೆ ಕೊರೆದು ಹೊರಬಂದರೆ ಅವರ ಬೆಳೆಯೆಲ್ಲ ಹಾಳು, ತಡ ಮಾಡಬೇಡಿ. ಅಲ್ಲಾಡಿಸಿ ನೋಡಿ. ನಿಮ್ಮ ಕಿವಿಗೆ ಕೇಳಿಸಿದ್ದನ್ನು ಅದೇ ಗ್ರೂಪಿನಲ್ಲಿ ನಿಮ್ಮದೇ ದನಿಯಲ್ಲಿ ಹೇಳಿ. ನನ್ನನ್ನು ಮತ್ತೆ ಸೇರಿಸುವುದು ನಿಧಾನಕ್ಕಾದರೂ ಆಗಲಿ.

ನಿಮ್ಮ ಪಾಠ ಮರೆಯದ
ಸಬೀಹಾ