ಎದುರು ಸಭೆಯ ಗಂಟೆ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಮಗಳೇ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಕಾಗದ ಬರೆಯುವುದು ಹನ್ನೊಂದು ವರ್ಷ ತಡವಾಯಿತು. ಬಿಡುವಿರಲಿಲ್ಲ ಎಂದರೆ ನೀನೇ ನಗುತ್ತೀಯ. ಮನಸ್ಸಿರಲಿಲ್ಲ, ಅಷ್ಟೇ. ವಿಳಾಸವನ್ನು ನಿನ್ನ ಅಣ್ಣನಿಂದ ಗದರಿಸಿ ತೆಗೆದುಕೊಂಡೆ.

ನಮ್ಮ ಚರ್ಚಿನ ಸಭೆಯೂ ರಸ್ತೆಯಾಚೆಯ ಎದುರು ಸಭೆಯೂ ಬರುವ ತಿಂಗಳಿಂದ ಒಂದಾಗುತ್ತಿವೆ. ಅವರು ಪ್ರಭುಭೋಜನಕ್ಕೆ ಮೊಣಕಾಲೂರಿ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವವರು, ನಾವು ಕೂತು ಪುಟ್ಟ ಲೋಟಗಳಲ್ಲಿ ಕುಡಿಯುವವರು. ಮುತ್ತಜ್ಜನ ಕಾಲದ ಈ ವ್ಯಾಜ್ಯವನ್ನು ಹಿರಿಯರು ಚಹಾ ಆರುವಷ್ಟರಲ್ಲಿ ತೀರಿಸಿಬಿಟ್ಟರು. 'ಬೇಕಾದೋರು ಕೂತ್ಕೊಳ್ಳಲಿ, ಬೇಕಾದೋರು ಮೊಣಕಾಲೂರಲಿ, ಅದಕ್ಕೇನಂತೆ?' ಎಂದರಂತೆ ಹೊಸ ಪಾದ್ರಿ. ನೀನು ಆ ಸಭೆಯವನನ್ನು ಮದುವೆಯಾದಾಗ ಇದೇ ಬಟ್ಟಲಿಗಾಗಿ ಎದ್ದು ನಿಂತು ಸಭೆಯ ಪುಸ್ತಕದಿಂದ ನಿನ್ನ ಹೆಸರು ಹೊಡೆದು ಹಾಕಿಸಿದವಳು ನಾನು. ಅಂದು ಭೇಷ್ ಎಂದವರೇ ಈಗ ಅವರ ಕೈ ಕುಲುಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಕೇಳಿದ್ದು ಚಾಕರಿ ಮಾತ್ರ. ಅಕ್ಷರ ದುಂಡಗಿದೆಯೆಂದು ಎರಡು ಸಭೆಗಳ ದಾಖಲೆಗಳನ್ನು ಒಂದು ಪುಸ್ತಕಕ್ಕೆ ನಕಲು ಮಾಡಲು ಕೊಟ್ಟಿದ್ದಾರೆ. ನಿನ್ನ ಹೆಸರಿನ ಮೇಲಿನ ಕೆಂಪು ಗೆರೆ ಮಾಸಿಲ್ಲ. ಹೊಸ ಪುಸ್ತಕದಲ್ಲಿ ಗೆರೆಯಿಲ್ಲದೆ ಬರೆದಿದ್ದೇನೆ.

ಭಾನುವಾರದ ಶಾಲೆ ಇನ್ನೂ ನನ್ನದೇ. ನೀನು ಬಣ್ಣ ಹಚ್ಚಿದ ಬಟ್ಟೆಯ ಕಾಲಪಟ ಗೋಡೆಯ ಮೇಲಿದೆ. ರೋಮಿನ ಚಕ್ರವರ್ತಿ ನಮ್ಮ ಮತಕ್ಕೆ ಒಲಿದದ್ದು, ಪೂರ್ವ ಪಶ್ಚಿಮದ ಸಭೆಗಳು ಒಡೆದದ್ದು, ಸನ್ಯಾಸಿಯೊಬ್ಬ ಪೋಪರಿಗೆ ಎದುರು ನಿಂತದ್ದು, ಎಲ್ಲ ಇಸವಿಗಳನ್ನು ನೀನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಈ ಬೆಳಿಗ್ಗೆ ಸಾವಿರದ ಐವತ್ನಾಲ್ಕರ ಪಾಠ. ಪಶ್ಚಿಮದವರು ಬಹಿಷ್ಕಾರದ ಪತ್ರವನ್ನು ಪೂರ್ವದವರ ಬಲಿಪೀಠದ ಮೇಲಿಟ್ಟು, ಕಾಲಿನ ಧೂಳು ಕೊಡವಿ ಹೊರಟರು. ಪೂರ್ವದವರೂ ತಿರುಗಿ ಬಹಿಷ್ಕರಿಸಿದರು. ಎರಡೂ ಕಡೆಯವರು ಅದನ್ನು ಹಿಂತೆಗೆದುಕೊಂಡದ್ದು ಒಂಬೈನೂರ ಹನ್ನೊಂದು ವರ್ಷದ ಮೇಲೆ.

'ಯಾತಕ್ಕೆ ಜಗಳ ಟೀಚರಮ್ಮ?' ಎಂದಳು ದರ್ಜಿಯ ಮಗಳು.

'ಪ್ರಭುಭೋಜನದ ರೊಟ್ಟಿಗೆ ಹಿಟ್ಟು ಉಬ್ಬಿಸೋ ಹುಳಿ ಹಾಕ್ಬೇಕೋ ಬೇಡ್ವೋ ಅಂತ. ಇನ್ನೂ ಬೇಕಾದಷ್ಟಿತ್ತು.'

'ನಮ್ಮಮ್ಮ ಚಿಕ್ಕಮ್ಮ ಇದಕ್ಕಿಂತ ದೊಡ್ಡ ಜಗಳ ಆಡಿ ಸಾಯಂಕಾಲಕ್ಕೇ ಮಾತಾಡ್ತಾರೆ. ಪತ್ರ ಇಟ್ಟೋರೇ ಬದುಕಿರುವಾಗ ವಾಪಸ್ ತಗೋಬಾರ್ದಿತ್ತಾ?'

'ಕೂತ್ಕೋ,' ಎಂದೆ.

ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ, ಈ ವಯಸ್ಸಿಗೆ ಬರುವುದೂ ಇಲ್ಲ. ಬರಬೇಕೆನಿಸಿದರೆ ಬಾ. ದೇವರು ನಿನ್ನನ್ನು ಕಾಯಲಿ. ಅಳಿಯ ಎಂದು ಬರೆಯಲು ಕೈ ಇನ್ನೂ ಹಟ ಮಾಡುತ್ತಿದೆ. ಆಶೀರ್ವಾದದಲ್ಲಿ ಅವನನ್ನೂ ಸೇರಿಸಿಕೋ.

ನಿನ್ನ
ಅಮ್ಮ

ಮತ್ತೊಂದು ಮಾತು: ನಿನ್ನೆ ಎದುರು ಸಭೆಯ ಪುಸ್ತಕ ನಕಲು ಮಾಡುವಾಗ, ಒಂಬತ್ತು ವರ್ಷದ ಹಿಂದಿನ ಪುಟದಲ್ಲಿ ನಿನ್ನ ಮಗುವಿನ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು. ಹೆಣ್ಣು. ನನ್ನ ಹೆಸರನ್ನೇ ಇಟ್ಟಿದ್ದೀಯ. ನಾಲ್ಕು ತಿಂಗಳ ಮೇಲೆ ಅದೇ ಹೆಸರು ಸಮಾಧಿಯ ಪಟ್ಟಿಯಲ್ಲಿದೆ. ನೀವು ಊರು ಬಿಟ್ಟದ್ದು ಏಕೆಂದು ಈಗ ತಿಳಿಯಿತು. ನಿನ್ನ ಸುದ್ದಿ ಯಾರೂ ಎತ್ತಕೂಡದೆಂದು ನಾನೇ ಅಪ್ಪಣೆ ಮಾಡಿದ್ದೆ, ಎಲ್ಲರೂ ಪಾಲಿಸಿದ್ದಾರೆ. ಅವರ ಗಂಟೆ ಸತ್ತವರ ವಯಸ್ಸಿನಷ್ಟು ಸಲ ಮೊಳಗುತ್ತದೆ. ಆ ಸಮಾಧಿಯ ಭಾನುವಾರ ಒಂದೇ ಸಲ ಮೊಳಗಿ ನಿಂತಿತು. 'ಯಾರದೋ ಕೂಸಿರಬೇಕು' ಎಂದು ಮಕ್ಕಳಿಗೆ ಹೇಳಿ, ಎದುರಿನವರ ಶವಸಂಸ್ಕಾರದ ಹಾಡು ಪಾಠಕ್ಕೆ ಅಡ್ಡಿಯಾಗದಿರಲೆಂದು ಕಿಟಕಿ ಮುಚ್ಚಿಸಿದೆ.