ಮೊದಲು ನೀಲಿಯಾದ ಗಂಟು

೧೦ ಜೂನ್ ೨೦೦೩, ಬೆಳಿಗ್ಗೆ

ನೀರಿನ ಲಾರಿ ಇವತ್ತೂ ತಡ. ಮದ್ರಾಸಿನ ಈ ನುಂಗಂಬಾಕ್ಕಂ ಪೂರ್ತಿ ಬಿಂದಿಗೆ ಹಿಡಿದು ಬೀದಿಯಲ್ಲಿ. ಎರಡು ಬಿಂದಿಗೆ ನಾನೇ ಮಹಡಿ ಹತ್ತಿಸಿದೆ, ಬಲಗೈಯಲ್ಲೇ. ರವಿಕಿರಣ್ ಬೈದ. ಗಂಡನಾದ ಮೇಲೆ ಬೈಯಬೇಕಲ್ಲ. ಬಲ ಎದೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಗಿ ವಾರವಾಗಿಲ್ಲ... ನೀರು ಮಾತ್ರ ಬೇಕೇ ಬೇಕು.

೧೩ ಜೂನ್

ಸರ್ಜನ್ ಪದ್ಮನಾಭ ನೋಡಿದರು. ಅಜ್ಜನ ಕಾಲದಿಂದ ಮದ್ರಾಸಿನವರು, ಕನ್ನಡಕ್ಕೆ ತಮಿಳಿನ ಒಗ್ಗರಣೆ.

“ನೀಲಿ ಬಣ್ಣ ಇಂಜೆಕ್ಟ್ ಮಾಡ್ತೀವಮ್ಮಾ. ಕಂಕುಳಲ್ಲಿ ಯಾವ ಗಂಟು ಮೊದಲು ನೀಲಿ ಆಗತ್ತೋ ಅದನ್ನ ತೆಗೆದು, ಆಪರೇಷನ್ ನಡುವೇನೇ ಲ್ಯಾಬ್‌ಗೆ. ಅದ್ರಲ್ಲಿ ಕ್ಯಾನ್ಸರ್ ಇಲ್ಲಾಂದ್ರೆ ಮಿಕ್ಕಿದ್ದರ ತಂಟೆಗೇ ಹೋಗಲ್ಲ.”

“ಇದ್ದರೆ?”

“ಇದ್ರೆ ಎಲ್ಲಾ ತೆಗೀಬೇಕು. ಆಮೇಲೆ ಕೈ ವೀಂಗತ್ತೆ, ಊದ್ಕೋಬಹುದು. ಪರವಾಯಿಲ್ಲೆ, ಪಾತ್ಕಲಾಂ, ನೋಡ್ಕೊಳ್ಳೋಣ.”

ಊದುವುದನ್ನು ನನಗೆ ಹೇಳಿಕೊಡಬೇಕೆ? ಅವ್ವನಿಗೂ ಇದೇ ಆಗಿತ್ತು, ನಾನು ಕಾಲೇಜಿನಲ್ಲಿದ್ದಾಗ. ಆಗ ನೀಲಿಯೂ ಇಲ್ಲ, ಗೀಲಿಯೂ ಇಲ್ಲ. ಎಲ್ಲ ಕೆತ್ತಿ ತೆಗೆದರು. ಕೈ ದಿಂಬಿನ ಹಾಗಾಯಿತು. ರವಿಕೆಯ ತೋಳು ಬಿಚ್ಚಿ ಬೇರೆ ಬಟ್ಟೆ ಸೇರಿಸಿ ಹೊಲಿದುಕೊಳ್ಳುತ್ತಿದ್ದಳು. ಮುದ್ದೆ ತಿರುವಲು ಆಗುತ್ತಿರಲಿಲ್ಲ. “ಈ ಕೈ ನಂದಲ್ಲ ಕಣವ್ವ, ಯಾರ್ದೋ ತಂದು ಅಂಟ್ಸವ್ರೆ” ಅನ್ನುತ್ತಿದ್ದಳು. ಆಮೇಲೆ ತಾನೇ ನಗುತ್ತಿದ್ದಳು.

೧೯ ಜೂನ್, ಸಂಜೆ

ನಾಳೆ ಅಡ್ಮಿಷನ್. ಅಟ್ಟದಿಂದ ಬ್ಯಾಟು ಇಳಿಸಿದೆ. ಮಗಳು ಮೌನ “ಇದು ಟೆನ್ನಿಸ್ಸಾ ಮಾ?” ಅಂದಳು. ಬಾಲ್ ಬ್ಯಾಡ್ಮಿಂಟನ್ ಕಣೇ! ಹಳದಿ ಉಣ್ಣೆಯ ಚೆಂಡು. ಮಂಡ್ಯದ ಕಾಲೇಜು ಮೈದಾನ, ಸುಣ್ಣದ ಗೆರೆ, ದಾವಣಿ ಸೊಂಟಕ್ಕೆ ಸಿಕ್ಕಿಸಿಕೊಂಡ ಐದು ಹುಡುಗಿಯರು. ಗೆಲ್ಲುವ ಪಾಯಿಂಟ್ ಬಂದರೆ ಎಲ್ಲರೂ ಒಟ್ಟಿಗೆ, “ಬೃಂದಾ, ನೀನೇ ಹಾಕೇ.” ರವಿಕಿರಣ್ ನನ್ನ ಸರ್ವ್ ನೋಡಿಯೇ ಮನೆಗೆ ಹೆಣ್ಣು ಕೇಳಲು ಕಳಿಸಿದ್ದಂತೆ. ಈಗಲೂ ಅದನ್ನೇ ಕೊಚ್ಚಿಕೊಳ್ಳುತ್ತಾನೆ.

ಆ ದಿನಗಳು ಎಷ್ಟು ಚೆನ್ನಾಗಿದ್ದವು... ನನ್ನ ಕೈ ನನಗೆ ಬೇಕು. ಜೀವಕ್ಕಿಂತ ಮೊದಲು ಕೈ ನೆನಪಾಗುತ್ತದೆ, ಎಂಥ ಹುಚ್ಚು.

೨೨ ಜೂನ್, ಪೋರೂರು ಆಸ್ಪತ್ರೆ

ಎಚ್ಚರವಾದ ಕೂಡಲೇ ಎಡಗೈಯಿಂದ ಬಲ ಕಂಕುಳು ತಡವಿದೆ. ಚಿಕ್ಕ ಬ್ಯಾಂಡೇಜು! ನೀಲಿ ಗಂಟು ಕ್ಲಿಯರ್ ಅಂತ ಲ್ಯಾಬಿನಿಂದ ಆಪರೇಷನ್ ಥಿಯೇಟರಿಗೇ ಫೋನ್ ಬಂತಂತೆ. ಮಿಕ್ಕಿದ್ದೆಲ್ಲ ಇದ್ದಲ್ಲೇ ಇದೆ. ಉಚ್ಚೆ ಹಸಿರಾಗಿದೆ, ಆ ಬಣ್ಣದ ಪ್ರಸಾದ. ರವಿಕಿರಣ್ ಮಂಡ್ಯದ ಮನೆಮನೆಗೂ ಫೋನ್ ಮಾಡಿದ. ನರ್ಸುಗಳಿಗೆಲ್ಲ ಮೈಸೂರುಪಾಕ್. ಒಬ್ಬಳೇ ಮಲಗಿ ನಕ್ಕೆ.

೩ ಜುಲೈ

ಇದೆ. ಅದೇ ಗಂಟಿನಲ್ಲಿ, ಸಾಸಿವೆಗಿಂತ ಚಿಕ್ಕದು. ಅವಸರದಲ್ಲಿ ಐಸಿನ ಹಾಗೆ ಗಟ್ಟಿ ಮಾಡಿ ಕೊಯ್ದು ನೋಡಿದಾಗ ಕಾಣಲಿಲ್ಲ. ಮಿಕ್ಕ ಚೂರನ್ನು ನಿಧಾನವಾಗಿ ನೋಡಿದಾಗ ಕಂಡಿತು.

“ಫೈನಲ್ ರಿಪೋರ್ಟ್ ಬರ್ಲಿ ಅಂತ ಅವತ್ತೇ ಹೇಳಿದ್ನಲ್ಲಮ್ಮಾ,” ಅಂದರು ಡಾಕ್ಟರ್. ಹೇಳಿದ್ದರಂತೆ. ನಮ್ಮವರು ಸಿಹಿ ಹಂಚುವ ಗಡಿಬಿಡಿಯಲ್ಲಿದ್ದರು.

ಮತ್ತೆ ಆಪರೇಷನ್. ಎಲ್ಲ ತೆಗೆಯಬೇಕು. “ತೆಗೀರಿ” ಅಂದೆ, ಭಾರಿ ಧೈರ್ಯವಂತೆಯ ಹಾಗೆ. ಮನೆಗೆ ಬಂದು ನಲ್ಲಿ ಬಿಟ್ಟುಕೊಂಡು ಅಳೋಣವೆಂದರೆ ನೀರೇ ಇಲ್ಲ. ಹಾಗೇ ಅತ್ತೆ.

೨೬ ಜುಲೈ

ಎರಡನೇ ಆಪರೇಷನ್ನೂ ಆಯಿತು, ಬರೆದು ದಿನಗಳಾದವು. ಎಡಗೈ ಬರಹ, ಕಾಗೆ ಕಾಲು ಗುಬ್ಬಿ ಕಾಲು. ಬಲಗೈ ಭುಜದ ಮೇಲಕ್ಕೆ ಹೋಗುವುದಿಲ್ಲ. ಬೆರಳು ಆಗಲೇ ಬಿಗಿ.

ಬೆಳಿಗ್ಗೆ ಮೌನ ನನ್ನ ಜಡೆ ಹಾಕುತ್ತಿದ್ದಳು, ಸೊಟ್ಟಗೆ. “ತಲೈ ಆಟ್ಟಾದೇ ಮಾ,” ಅಲ್ಲಾಡಬೇಡ ಅಂತ ಗದರಿಕೆ ಬೇರೆ. ಫೋನ್ ಬಂತು. ಡಾಕ್ಟರ್. ತೆಗೆದದ್ದರಲ್ಲಿ ಒಂದರಲ್ಲೂ ಏನೂ ಇಲ್ಲ. ಇದ್ದದ್ದು ಆ ಮೊದಲನೆಯದರಲ್ಲಿ ಮಾತ್ರ.

ಹಾಗಾದರೆ ಕೈಯನ್ನು ಸುಮ್ಮನೆ ಕೊಟ್ಟೆನೇ? ಸಿಟ್ಟು ನೆತ್ತಿಗೇರಿತು. ಮರುಕ್ಷಣವೇ ಕೂತಲ್ಲಿಂದ ಏಳಲಾಗದಷ್ಟು ಸಂತೋಷ. ಎರಡೂ ಒಟ್ಟಿಗೆ ಬರುತ್ತವೆಂದು ಗೊತ್ತಿರಲಿಲ್ಲ.

“ಬದುಕ್ತೀನಿ ಕಣೇ,” ಅಂದೆ.

ಮಗಳು ಹಾಕಿದ ಜಡೆ ಪೂರ್ತಿ ಬಿಚ್ಚಿದಳು. ಬಾಚಣಿಗೆ ತೆಗೆದುಕೊಂಡು, ಮೂಗೆಳೆದುಕೊಳ್ಳುತ್ತಾ, ಮತ್ತೆ ಮೊದಲಿನಿಂದ —